ಕತ್ತರಿಸಿ ಇಟ್ಟ ಮಾತುಗಳು

ಕಳೆದ ತಿಂಗಳು ಸಿಂಧನೂರಿನ ಕಡೆ ಒಂದು ಮದುವೆಯ ವಿಡಿಯೋ ಕೆಲಸ ಮುಗಿಸಿ ರಾಯಚೂರಿಗೆ ವಾಪಸು ಬರುತ್ತಿದ್ದೆ. ಪೋತ್ನಾಳದಲ್ಲಿ ಬಸ್ಸು ನಿಂತಿತು. ಅರ್ಧ ತೆರೆದ ಕಿಟಕಿಯಿಂದ ಭತ್ತ ಬೇಯುವ ವಾಸನೆ ಒಳಗೆ ಬಂತು. ಬಿಸಿ ನೀರಲ್ಲಿ ನೆನೆದ ಹೊಟ್ಟು, ಸ್ವಲ್ಪ ಹುಳಿ, ಸ್ವಲ್ಪ ಹೊಗೆ. ಅಕ್ಕಿ ಗಿರಣಿಯ ನೆರೆಯಲ್ಲಿ ಇದ್ದವರಿಗೆ ಅದು ಮನೆಯ ವಾಸನೆ. ನನ್ನ ಪಕ್ಕದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಕ್ಯಾಮೆರಾ ಚೀಲವನ್ನು ಹೆಗಲಿಗೆ ಹಾಕಿಕೊಂಡು ಇಳಿದುಬಿಟ್ಟೆ. ಟಿಕೆಟು ರಾಯಚೂರಿನದಿತ್ತು.

ಗಿರಣಿಯ ಹಿಂದಿನ ಓಣಿಯಲ್ಲಿ ಶಿವಲೀಲಾ ಇದ್ದ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಮೊದಲಿದ್ದವರು ನನಗೆ ಗೊತ್ತಿದ್ದವರು ಎಂದದ್ದಕ್ಕೆ ಆ ಮನೆಯಾಕೆ ಕೂರಲು ಹೇಳಿ ನೀರು ಕೊಟ್ಟಳು. ಒಳಕೋಣೆಯ ಗೋಡೆಗಳಲ್ಲಿ, ಮಾಳಿಗೆಯ ಸ್ವಲ್ಪ ಕೆಳಗೆ, ಸಾಲಾಗಿ ಹೊಡೆದ ಮೊಳೆಗಳು ಹಾಗೇ ಇದ್ದವು. ನಾನು ನೋಡುತ್ತಿರುವುದನ್ನು ಅವಳು ನೋಡಿದಳು.

"ಅವನ್ಯಾಕ ಹೊಡದಾರ ಅಂತ ನಮಗೂ ತಿಳಿದಿಲ್ರೀ. ಫೋಟೋ ಹಾಕಬೇಕಂದ್ರ ಭಾಳ ಮ್ಯಾಲ ಅದಾವ," ಎಂದಳು.

ಕೌದಿ ತೂಗು ಹಾಕಲು ಎಂದು ಹೇಳಬಹುದಿತ್ತು. ಗೋಡೆಗೇಕೆ ಕೌದಿ ಎಂದು ಅವಳು ಕೇಳುತ್ತಿದ್ದಳು. ಆಮೇಲೆ ಆ ಇಡೀ ವರ್ಷವನ್ನೇ ಹೇಳಬೇಕಾಗುತ್ತಿತ್ತು. ನೀರು ಕುಡಿದು ಹೊರಗೆ ಬಂದೆ.

ಶಿವಲೀಲಾ ಮತ್ತು ನಾನು ರಾಯಚೂರಿನಲ್ಲಿ ಒಂದೇ ತರಗತಿಯಲ್ಲಿ ಓದಿದವರು. ಅವಳ ಊರು ಗೂಗಲ್. ದೇವದುರ್ಗ ತಾಲ್ಲೂಕಿನಲ್ಲಿ, ಕೃಷ್ಣಾ ದಂಡೆಯ ಮೇಲೆ. ಕಂಪ್ಯೂಟರ್ ಕಲಿಸುವವಳ ಊರಿನ ಹೆಸರು ಇದು ಎಂದು ಅವಳ ವಿದ್ಯಾರ್ಥಿಗಳು ಪ್ರತಿ ವರ್ಷ ಹೊಸದಾಗಿ ನಗುತ್ತಿದ್ದರು. ಅವಳೂ ಪ್ರತಿ ವರ್ಷ ಹೊಸದಾಗಿ ಕೇಳಿದವಳಂತೆ ನಗುತ್ತಿದ್ದಳು. ಮಾನ್ವಿಯ ಒಂದು ಕಾಲೇಜಿನಲ್ಲಿ ಅವಳಿಗೆ ಕೆಲಸ. ಪೋತ್ನಾಳದಲ್ಲಿ ಸೋದರಮಾವನ ಮನೆ ಖಾಲಿ ಇತ್ತೆಂದು ಅವ್ವನನ್ನು ಕರೆದುಕೊಂಡು ಬಂದು ಅಲ್ಲಿದ್ದಳು. ನಾನು ರಾಯಚೂರಿನ ಸ್ಟುಡಿಯೋ ಒಂದರಲ್ಲಿ ಮದುವೆ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವವನು. ನಮ್ಮ ಮನೆತನದ್ದು ಗುಡಿಯ ಸೇವೆ. ನಾನು ಪೂಜೆ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಅವಳು ನನ್ನನ್ನು ಆಚಾರ್ರೀ ಎಂದೇ ಕರೆಯುತ್ತಿದ್ದಳು. ನಾನು ಮೇಡಂ ಎನ್ನುತ್ತಿದ್ದೆ. ಇಬ್ಬರೂ ಚೇಷ್ಟೆಗೆ ಶುರು ಮಾಡಿದ್ದು ರೂಢಿಯಾಗಿ ಉಳಿಯಿತು.

ಒಂದು ದಿನ ಸ್ಟುಡಿಯೋಗೆ ಬಂದಳು. ಅವಳ ತರಗತಿಯಲ್ಲಿ ಫೋನಿನಲ್ಲಿ ಆಟ ಆಡುತ್ತಿದ್ದ ಒಬ್ಬಳು ಹುಡುಗಿ ಸಿಕ್ಕಿಬಿದ್ದಾಗ, ಬೈಸಿಕೊಳ್ಳುವ ಬದಲು, "ಇವನ್ನ ಯಾರು ಮಾಡ್ತಾರ್ರೀ ಮೇಡಂ? ನಮಗ ಮಾಡಾಕ ಬರ್ತದನ್ರೀ?" ಎಂದು ಕೇಳಿದಳಂತೆ. ಶಿವಲೀಲಾ ಹುಡುಕಿ ನೋಡಿದ್ದಳು. ಆಟ ತಯಾರಿಸುವುದನ್ನು ಕಲಿಸುವ ವಿಡಿಯೋ ಬೇಕಾದಷ್ಟು ಇದ್ದವು, ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ, ಓಡುವವರ ವೇಗದಲ್ಲಿ. ಆ ಹುಡುಗಿಗೆ ಕೊಡುವಂಥದ್ದು ಒಂದೂ ಸಿಗಲಿಲ್ಲ.

"ಮದಿವಿ ಕತ್ತರಿಸಿದ್ದು ಸಾಕ್ರಿ ಆಚಾರ್ರೀ. ಇನ್ನ ನನ್ನ ಪಾಠ ಕತ್ತರಿಸ್ರಿ," ಎಂದಳು.

ಹಾಗೆ ಶುರುವಾಯಿತು. ಏನೂ ಗೊತ್ತಿಲ್ಲದವರು ಒಂದು ಸಣ್ಣ ಆಟವನ್ನು ಮೊದಲಿಂದ ಕೊನೆಯವರೆಗೆ ತಾವೇ ಕಟ್ಟಬೇಕು. ಅದಕ್ಕೆ ಬೇಕಾದಷ್ಟು ಪಾಠಗಳು. ಬೇರೆಯವರು ಕಾರು, ರಾಕೆಟ್ಟು ಓಡಿಸುತ್ತಿದ್ದರು. ಅವಳು ಹರಗೋಲು ಆರಿಸಿದಳು. ಹೊಳೆಯಲ್ಲಿ ಬಂಡೆಗಳಿವೆ, ಭತ್ತದ ಚೀಲಗಳನ್ನು ಈ ದಂಡೆಯಿಂದ ಆ ದಂಡೆಗೆ ಮುಟ್ಟಿಸಬೇಕು. ಬಂಡೆಗೆ ಬಡಿದರೆ ಒಂದು ಚೀಲ ಹೋಯಿತು.

ಮೊದಲ ಪಾಠದಲ್ಲೇ ಅವಳು ಬರೆದ ಸೂಚನೆಯಲ್ಲಿ ಏನೋ ತಪ್ಪಾಗಿ, ಪರದೆಯ ಮೇಲೆ ಹರಗೋಲು ಮುಂದೆ ಹೋಗದೆ ನಿಂತಲ್ಲೇ ಗಿರಗಿರ ತಿರುಗತೊಡಗಿತು. ನಾನು ಅಷ್ಟನ್ನು ಕತ್ತರಿಸಲು ಹೋದೆ.

"ತಪ್ಪು ಕತ್ತರಿಸಬ್ಯಾಡ್ರಿ," ಎಂದಳು. "ಒಂದ ಕಡಿ ಹುಟ್ಟು ಹಾಕಿದ್ರ ಹರಗೋಲು ಹಂಗ ತಿರಗತದ, ನಮ್ಮೂರಾಗ ಕೂಸಿಗೂ ಗೊತ್ತದ. ಮೇಡಂನೂ ತಿರಗ್ಯಾಳ ಅಂತ ಹುಡುಗರು ನೋಡ್ಲಿ."

ಈಗಲೂ ಆ ಪಾಠದಲ್ಲಿ ಅವಳ ನಗು ಕೇಳುತ್ತದೆ. "ನೋಡ್ರಿ, ತಿರಗಾಕತ್ತ್ಯದ. ಅಂಜಬ್ಯಾಡ್ರಿ. ಎಲ್ಲಿ ತಪ್ಪ್ಯಾತು ಹುಡುಕೋಣ ಬರ್ರಿ." ಅಂಜಬ್ಯಾಡ್ರಿ ಎಂಬುದನ್ನು ಅವಳು ಎಳೆದು, ಮೆತ್ತಗೆ ಹೇಳುತ್ತಿದ್ದಳು. ಆ ಒಂದು ಮಾತಿಗಾಗಿ ವಿಡಿಯೋ ನೋಡುತ್ತೇವೆಂದು ಬರೆದವರಿದ್ದರು.

ತಪ್ಪುಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಕತ್ತರಿಸಬೇಕಿತ್ತು: ಗಿರಣಿಯ ಕೂಗು, ಟ್ರ್ಯಾಕ್ಟರು, ಕುಕ್ಕರಿನ ಸೀಟಿ. ಎಲ್ಲಕ್ಕಿಂತ ಹೆಚ್ಚಾಗಿ ಅವಳ ಅವ್ವ ಬಸಲಿಂಗಮ್ಮನನ್ನು.

ಖಾಲಿ ಕೋಣೆಯಲ್ಲಿ ಮಾತು ಗೋಡೆಗೆ ಬಡಿದು ಗೊಂಯ್ ಎನ್ನುತ್ತಿತ್ತು. ಅದಕ್ಕೆ ನಾವು ಮೊಳೆ ಹೊಡೆದು ಬಸಲಿಂಗಮ್ಮ ಹೊಲಿದ ಕೌದಿಗಳನ್ನು ಸುತ್ತಲೂ ತೂಗು ಹಾಕಿದೆವು. ಬಾಗಿಲಿಗೂ ಒಂದು. ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿದಳು.

"ಹೊಚಗೊಳ್ಳಾಕ ಹೊಲದ ಕೌದಿ ಗ್ವಾಡಿಗಿ ಹೊಚ್ಚೀರಲ್ಲೋ ತಮ್ಮಾ, ಗ್ವಾಡಿಗೇನು ಥಂಡಿ ಹತ್ತ್ಯದ?"

ಮಗಳು ಬಾಗಿಲು ಹಾಕಿಕೊಂಡು ಒಬ್ಬಳೇ ಮಾತಾಡುತ್ತಾಳೆಂಬುದು ಅವಳಿಗೆ ಕೊನೆಯವರೆಗೂ ಒಗ್ಗಲಿಲ್ಲ. ಮಾತು ಕೇಳಿಸಿದರೆ ಬಾಗಿಲ ಹೊರಗಿಂದ ತಾನೂ ಏನಾದರೂ ಕೇಳುತ್ತಿದ್ದಳು. ಶಿವಲೀಲಾ ಪಾಠ ನಿಲ್ಲಿಸಿ, ಅವ್ವನಿಗೆ ಉತ್ತರ ಕೊಟ್ಟು, ಮೈಕಿನ ಮುಂದೆ ಒಂದು ಚಪ್ಪಾಳೆ ತಟ್ಟಿ ಮತ್ತೆ ಶುರು ಮಾಡುತ್ತಿದ್ದಳು. ಚಪ್ಪಾಳೆ ನಮ್ಮ ಗುರುತು. ಕಂಪ್ಯೂಟರಿನಲ್ಲಿ ದನಿಯ ಗೆರೆ ಉದ್ದಕ್ಕೆ ಹರಿದಿರುವಾಗ ಚಪ್ಪಾಳೆ ತಟ್ಟಿದ ಜಾಗ ಮುಳ್ಳಿನಂತೆ ಎದ್ದು ಕಾಣುತ್ತದೆ. ಮುಳ್ಳು ಕಂಡಲ್ಲಿ, ಅದರ ಹಿಂದಿನದನ್ನು ನಾನು ಕತ್ತರಿಸುತ್ತಿದ್ದೆ.

ಕತ್ತರಿಸಿದ್ದನ್ನು ಎಸೆಯುತ್ತಿರಲಿಲ್ಲ. ಅದು ನಮ್ಮ ಸ್ಟುಡಿಯೋದ ಪದ್ಧತಿ. ಮದುವೆಯಾಗಿ ವರ್ಷವೋ ಎರಡು ವರ್ಷವೋ ಕಳೆದ ಮೇಲೆ ಜನ ಬರುತ್ತಾರೆ. ಹಂದರದ ಮೂಲೆಯಲ್ಲಿ ಕುರ್ಚಿಯ ಮೇಲೆ ನಿದ್ದೆ ಹೋಗಿದ್ದ ಮುದುಕ ತೀರಿಕೊಂಡಿರುತ್ತಾನೆ. ಮದುವೆಯ ವಿಡಿಯೋದಲ್ಲಿ ಅವನಿಲ್ಲ. ನಿದ್ದೆ ಹೋದವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಬಂದವರು ಬಾಗಿಲಲ್ಲಿ ನಿಂತು, "ಎಲ್ಲ್ಯರ ಒಂಚೂರು ಇದ್ರ ನೋಡ್ರಿ," ಎನ್ನುತ್ತಾರೆ. ಅದಕ್ಕಾಗಿ ಪ್ರತಿ ಕೆಲಸಕ್ಕೂ ತುಣುಕುಗಳದೊಂದು ಬೇರೆ ಫೋಲ್ಡರ್ ಇರುತ್ತದೆ. ಶಿವಲೀಲಾಳ ಪಾಠಗಳಿಗೂ ಇತ್ತು.

ಸುಗ್ಗಿ ಬಂತು. ಗಿರಣಿಯ ಮುಂದೆ ಭತ್ತದ ಲಾರಿಗಳು ಸಾಲು ನಿಂತವು. ಗಿರಣಿ ಊಟದ ಹೊತ್ತಿಗೆ ಮಾತ್ರ ನಿಲ್ಲುತ್ತಿತ್ತು. ನಾವೂ ಆ ಹೊತ್ತಿಗೆ ಕಾದು ರೆಕಾರ್ಡ್ ಮಾಡುತ್ತಿದ್ದೆವು. ಭಾನುವಾರ ನಾನು ರಾಯಚೂರಿನಿಂದ ಹೋಗುವಷ್ಟರಲ್ಲಿ ಓಣಿಯ ಮೇಲೆ ಹೊಟ್ಟಿನ ಧೂಳು ಕೂತಿರುತ್ತಿತ್ತು, ಬೇವಿನ ಎಲೆಯ ಮೇಲೆ, ಒಣ ಹಾಕಿದ ಬಟ್ಟೆಯ ಮೇಲೆ, ಮುಚ್ಚಿಟ್ಟ ಕೊಡದ ಮೇಲೆ. ಆ ಓಣಿಯಲ್ಲಿ ಸುಗ್ಗಿಯಲ್ಲಿ ಎಲ್ಲರೂ ಕೆಮ್ಮುತ್ತಾರೆ. ಕೆಮ್ಮದವರನ್ನು, ಊರಲ್ಲಿರಲಿಲ್ಲವೇನು ಎಂದು ಕೇಳುತ್ತಾರೆ.

ಶಿವಲೀಲಾಳೂ ಕೆಮ್ಮಿದಳು. ದನಿ ಒಡೆಯಿತು. ಬಸಲಿಂಗಮ್ಮ ಮೆಣಸು, ಬೆಲ್ಲ, ಶುಂಠಿ ಕುದಿಸಿ ಕೊಟ್ಟಳು. "ಹೊಟ್ಟಿನ ಧೂಳು," ಎಂದಳು. ನಾನೂ ಅದನ್ನೇ ಅಂದೆ. ಕಾಲೇಜಿನವರೂ ಅದನ್ನೇ ಅಂದರು. ಬೇರೆ ಊರಿನಲ್ಲಾಗಿದ್ದರೆ ಯಾರಾದರೂ ಬೇರೆ ಏನಾದರೂ ಅನ್ನುತ್ತಿದ್ದರೇನೋ. ಒಬ್ಬ ಹುಡುಗ ವಿಡಿಯೋದ ಕೆಳಗೆ, "ಮೇಡಂ, ಈಗೀಗ ನಿಮ್ಮ ದನಿ ಭಾರಿ ಗತ್ತಿನಾಗ ಅದ," ಎಂದು ಬರೆದ. ಅವಳು ಅದನ್ನು ನನಗೆ ಓದಿ ತೋರಿಸಿ, "ನೋಡ್ರಿ ಆಚಾರ್ರೀ, ಧೂಳಿನ ಮಹಿಮಾ," ಎಂದು ನಕ್ಕಳು. ನಗು ಅರ್ಧಕ್ಕೆ ನಿಂತು ಕೆಮ್ಮಾಯಿತು.

ಸುಗ್ಗಿ ಮುಗಿಯಿತು. ಲಾರಿಗಳು ಹೋದವು. ಬೇವು ಹಳೆಯ ಎಲೆ ಉದುರಿಸಿ ಹೊಸದು ಚಿಗುರಿತು. ಓಣಿಯ ಕೆಮ್ಮು ಒಂದೊಂದೇ ಮನೆಯಲ್ಲಿ ನಿಂತಿತು. ಅವಳ ಮನೆಯಲ್ಲಿ ನಿಲ್ಲಲಿಲ್ಲ. ಆಗ ರಾಯಚೂರಿಗೆ ಕರೆದುಕೊಂಡು ಬಂದೆ.

ಡಾಕ್ಟರು ಗಂಟಲೊಳಗೆ ನಳಿಕೆ ಇಳಿಸಿ ನೋಡಿ, "ಎಲಿ, ಅಡಕಿ, ಗುಟ್ಕಾ, ಏನರ ಅಭ್ಯಾಸ ಅದನಮ್ಮಾ?" ಎಂದು ಕೇಳಿದರು. "ಸೀಮೆಸುಣ್ಣದ ಪುಡಿ ತಿಂತೀನ್ರಿ, ಟೀಚರ್ ಇದೀನಿ," ಎಂದಳು. ಡಾಕ್ಟರು ನಗಲಿಲ್ಲ. ಅವರು ನಗದಿದ್ದಾಗ ನಾನು ಅವಳ ಮುಖ ನೋಡಿದೆ. ಅವಳು ಇನ್ನೂ ನಗುತ್ತಿದ್ದಳು. ಆ ನಗು ಮುಖದ ಮೇಲೆ ಹಾಗೆಯೇ ನಿಂತುಹೋಗಿತ್ತು.

ಹೈದರಾಬಾದಿನ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಹಿಂದಿ, ತೆಲುಗು ಬೆರೆಸಿ ನಿಧಾನವಾಗಿ ತಿಳಿಸಿ ಹೇಳಿದರು. ಗಡ್ಡೆ ಇರುವುದು ಧ್ವನಿಪೆಟ್ಟಿಗೆಯಲ್ಲೇ. ಬಹಳ ಹರಡಿದೆ. ಪೆಟ್ಟಿಗೆಯನ್ನೇ ತೆಗೆಯಬೇಕು. ಉಸಿರಿಗೆ ಕತ್ತಿನ ಮುಂಭಾಗದಲ್ಲಿ ದಾರಿ ಮಾಡುತ್ತಾರೆ. ಜೀವ ಉಳಿಯುವ ಭರವಸೆ ಇದೆ. ದನಿ ಉಳಿಯುವುದಿಲ್ಲ.

ಶಿವಲೀಲಾ ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಆಮೇಲೆ, "ಎಷ್ಟು ಪಾಠ ಉಳದಾವ ಆಚಾರ್ರೀ?" ಎಂದಳು.

"ಒಂದೇ. ಸೌಂಡಿಂದು."

ಅಲ್ಲಿಯವರೆಗೆ ನಮ್ಮ ಆಟಕ್ಕೆ ಸದ್ದೇ ಇರಲಿಲ್ಲ. ಆಟಕ್ಕೆ ಸದ್ದು ಕೂಡಿಸುವುದನ್ನು ಕೊನೆಯ ಪಾಠವಾಗಿ ಇಟ್ಟುಕೊಂಡಿದ್ದಳು.

"ಅದನ್ನ ನನ್ನ ದನೀಲೆ ಮುಗಸ್ತೀನಿ," ಎಂದಳು. "ಯವ್ವಗ ಗಂಟು ತಗೀತಾರಂತ ಅಷ್ಟ ಹೇಳ್ರಿ. ಮಾತಿನ ಸುದ್ದಿ ಹೇಳಬ್ಯಾಡ್ರಿ."

ಬಿಸಿಲಿನ ದಿನಗಳಲ್ಲಿ ಮೂವರೂ ಗೂಗಲ್‌ಗೆ ಹೋದೆವು, ಹೊಳೆಯ ಸದ್ದು ಹಿಡಿಯಲು. ನೀರು ಇಳಿದು ಬಂಡೆಗಳು ಬೆನ್ನು ತೋರಿಸಿಕೊಂಡು ಬಿದ್ದಿದ್ದವು. ಸೇತುವೆ ಆದಮೇಲೆ ಹರಗೋಲಿನಲ್ಲಿ ದಾಟುವವರಿಲ್ಲ. ಮೀನು ಹಿಡಿಯುವವರದು ಒಂದೆರಡು ಉಳಿದಿವೆ. ಹುಟ್ಟು ನೀರಿಗೆ ಬೀಳುವ ಸದ್ದು, ಹರಗೋಲಿನ ತಳ ಮರಳಿಗೆ ಉಜ್ಜುವ ಸದ್ದು ಹಿಡಿದೆವು. ಇನ್ನು ಬೇಕಿದ್ದದ್ದು ಕೂಗು. ಮೊದಲೆಲ್ಲ ದಂಡೆಯ ಮೇಲೆ ನಿಂತು ಕೂಗಿ ಹರಗೋಲು ಕರೆಯುತ್ತಿದ್ದರು. ಆಟ ಶುರುವಾಗುವುದು ಆ ಕೂಗಿನಿಂದ ಎಂದು ಅವಳ ಲೆಕ್ಕ.

ಶಿವಲೀಲಾ ನೀರಿನ ಹತ್ತಿರ ಹೋಗಿ ಕೂಗಿದಳು. ಗಾಳಿ ಬಂತು. ಮತ್ತೊಮ್ಮೆ ಕೂಗಿದಳು. ನನ್ನ ಕಿವಿಯ ಹೆಡ್‌ಫೋನಿನಲ್ಲಿ ಅವಳ ಕೂಗಿಗಿಂತ ನೀರಿನ ಸದ್ದೇ ದೊಡ್ಡದಾಗಿತ್ತು.

ಹಿಂದೆ ಸೆರಗು ಹೊದ್ದು ನಿಂತಿದ್ದ ಬಸಲಿಂಗಮ್ಮನಿಗೆ ತಡೆಯಲಾಗಲಿಲ್ಲ. "ಅದೇನು ಕೂಗೂದಬೇ? ಹಂಗ ಕೂಗಿದ್ರ ಮೀನೂ ತಿರುಗಿ ನೋಡಂಗಿಲ್ಲ. ಸರಿ ಅತ್ತಾಗ," ಎಂದು ಮಗಳನ್ನು ಸರಿಸಿ, ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದಳು. "ಹರಗೋಲಾ... ಓ..." ಕೂಗು ಹೊಳೆಯ ಆ ದಡ ಮುಟ್ಟಿತು. ಎಮ್ಮೆ ಮೇಯಿಸುವವನು ಎದ್ದು ನಿಂತ. ನಡುನೀರಿನಲ್ಲಿ ಬಲೆ ಬಿಡುತ್ತಿದ್ದವನು ನಿಜವಾಗಿಯೂ ಹರಗೋಲು ತಿರುಗಿಸಿ ನಮ್ಮ ಕಡೆ ಬರತೊಡಗಿದ.

"ಬರಬ್ಯಾಡೋ ಯಪ್ಪಾ! ಕಂಪ್ಯೂಟರಿಗಿ ಕರದೀನಿ, ನಿನಗಲ್ಲ!" ಎಂದು ಅವಳು ಮತ್ತೆ ಕೂಗಿದಳು. ಶಿವಲೀಲಾ ಮರಳಿನ ಮೇಲೆ ಕೂತು ಸದ್ದಿಲ್ಲದೆ ನಕ್ಕಳು. ಭುಜ ಅಲುಗುವುದರಿಂದ ನಗುತ್ತಿದ್ದಾಳೆಂದು ತಿಳಿಯಿತು.

ವಾಪಸು ಬರುವಾಗ ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆವು. ಬಸಲಿಂಗಮ್ಮ ನನ್ನ ಕಡೆ ತಿರುಗಿ, "ಗಂಟು ತಗದ ಮ್ಯಾಲ ಇಕಿ ದನಿ ಮೊದ್ಲಿನಂಗ ಆಗ್ತದಿಲ್ಲೋ ತಮ್ಮಾ?" ಎಂದಳು. ನಾನು ಶಿವಲೀಲಾಳನ್ನು ನೋಡಿದೆ. ಅವಳು ಬಸ್ಸಿನ ಬೋರ್ಡು ನೋಡುತ್ತಿದ್ದಳು. ಅಲ್ಲಿಂದಲೇ, "ಆಗ್ತದಬೇ," ಎಂದಳು. ನನ್ನ ಕೈಯಲ್ಲಿದ್ದ ರೆಕಾರ್ಡರ್ ಇನ್ನೂ ಓಡುತ್ತಿತ್ತು. ಮನೆಗೆ ಹೋಗಿ ನೋಡಿದಾಗ ಅದೂ ಅದರಲ್ಲಿತ್ತು.

ಕೊನೆಯ ಪಾಠವನ್ನು ಕೌದಿಗಳ ನಡುವೆ ಕೂತು ರೆಕಾರ್ಡ್ ಮಾಡಿದಳು. ಒಂದೊಂದು ವಾಕ್ಯಕ್ಕೂ ನೀರು ಕುಡಿದಳು. ಹುಟ್ಟಿನ ಸದ್ದು ಕೂಡಿಸಿದಳು, ಅವ್ವನ ಕೂಗು ಕೂಡಿಸಿದಳು. ಇನ್ನು ಸ್ವಲ್ಪವೇ ಉಳಿದಿತ್ತು: ಎಲ್ಲ ಜೋಡಿಸಿದ ಮೇಲೆ ಆಟವನ್ನು ಒಮ್ಮೆ ಆಡಿ ತೋರಿಸುವುದು. ಅಲ್ಲಿ ದನಿ ಕೈಕೊಟ್ಟಿತು. ಒಂದು ವಾರ ಬಿಟ್ಟು ನೋಡೋಣ ಎಂದೆ. ಒಂದು ವಾರದಲ್ಲಿ ಆಸ್ಪತ್ರೆಯಿಂದ ಕರೆ ಬಂತು.

ಆಪರೇಷನ್ ಆದ ಮೇಲೆ ಉಳಿದ ಭಾಗವನ್ನು ಅವಳೇ ಮುಗಿಸಿದಳು, ಪರದೆಯ ಮೇಲೆ ಅಕ್ಷರಗಳಲ್ಲಿ ಬರೆದು. ನಾನು ಓದಿ ದನಿ ಕೊಡಲೇ ಎಂದು ಕೇಳಿದ್ದಕ್ಕೆ ಬೇಡವೆಂದು ತಲೆ ಅಲ್ಲಾಡಿಸಿದಳು. ವಿಡಿಯೋ ಹಾಕಿದ ದಿನವೇ ಯಾರೋ ಬರೆದರು: "ಮೇಡಂ, ಕಡೀಕ ದನಿ ಬರವಲ್ದು. ಮೈಕ್ ನೋಡ್ಕೊರ್ರಿ." ಅವಳು ಉತ್ತರ ಬರೆದಳು: "ದನಿ ಇಲ್ರಿ. ಬರದದ್ದು ಓದ್ಕೋತ ಬರ್ರಿ. ಅವಸರಿಲ್ಲ."

ಧೂಳು ಕತ್ತಿನ ದಾರಿಗೆ ಹೋಗಬಾರದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಪೋತ್ನಾಳದ ಮನೆ ಬಿಟ್ಟು ತಾಯಿ ಮಗಳು ಗೂಗಲ್‌ಗೆ ಹೋದರು. ಕೌದಿಗಳನ್ನು ಇಳಿಸಿ ಮಡಚಿ ಕಟ್ಟಿದ್ದು ನಾನೇ. ಕೊಡವಿದಾಗ ಹೊಟ್ಟಿನ ಧೂಳು ಎದ್ದಿತು.

ಶಿವಲೀಲಾ ನನ್ನ ಜೊತೆ, ಎಲ್ಲರ ಜೊತೆ ಫೋನಿನಲ್ಲಿ ಬರೆದು ಮಾತಾಡುತ್ತಿದ್ದಳು. ಬಸಲಿಂಗಮ್ಮನಿಗೆ ಓದಲು ಬರುವುದಿಲ್ಲ. ಅವ್ವನನ್ನು ಕರೆಯಬೇಕಾದರೆ ಒಂದು ಚಪ್ಪಾಳೆ ತಟ್ಟುತ್ತಿದ್ದಳು, ಉಳಿದದ್ದು ಕೈಸನ್ನೆ. ಗಂಟಲಿಗೆ ಹಿಡಿದು ಮಾತಾಡುವ ಒಂದು ಯಂತ್ರವನ್ನು ಆಸ್ಪತ್ರೆಯವರು ಕೊಟ್ಟು ಅಭ್ಯಾಸ ಮಾಡಿಸಿದ್ದರು. ಅದರಿಂದ ಗುಂಯ್‌ಗುಡುವ, ಏರಿಳಿತವಿಲ್ಲದ ಮಾತು ಬರುತ್ತದೆ. ಮೊದಲ ಸಲ ಅದರಲ್ಲಿ ಯವ್ವಾ ಎಂದಾಗ ಬಸಲಿಂಗಮ್ಮ ಎದ್ದು ನಿಂತಳು. "ಅದನ್ನ ಬಂದ್ ಮಾಡವ್ವಾ. ಮನ್ಯಾಗ ಯಾರೋ ಬ್ಯಾರೇದಾಕಿ ಬಂದಂಗ ಆಗ್ತದ." ಅಂದಿನಿಂದ ಅವ್ವನ ಎದುರು ಶಿವಲೀಲಾ ಅದನ್ನು ಹೊರಗೆ ತೆಗೆಯಲಿಲ್ಲ.

ಗಾಯ ಒಣಗಿದ ಮೇಲೂ ಮಾತು ಬರದಿದ್ದಾಗ ಬಸಲಿಂಗಮ್ಮನಿಗೆ ತಾನಾಗಿಯೇ ತಿಳಿಯಿತು. ಯಾರೂ ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಶ್ರಾವಣದಲ್ಲಿ ನೋಡಲು ಹೋದೆ. ಹೊಳೆ ತುಂಬಿ ಕೆಂಪಾಗಿ ಹರಿಯುತ್ತಿತ್ತು. ಬಂಡೆ ಒಂದೂ ಕಾಣುತ್ತಿರಲಿಲ್ಲ. ಶಿವಲೀಲಾ ಒಳಗೆ ಲ್ಯಾಪ್‌ಟಾಪಿನ ಮುಂದಿದ್ದಳು. ಬಸಲಿಂಗಮ್ಮ ನನ್ನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಮಡಿಲಿಂದ ಫೋನು ತೆಗೆದಳು. ಚಿತ್ರದ ಮೇಲೆ ಹೆಬ್ಬೆರಳು ಒತ್ತಿದರೆ ಪಾಠ ಶುರುವಾಗುತ್ತದೆಂದು ಕಲಿತಿದ್ದಳು. ಒತ್ತಿದಳು. "ಅಂಜಬ್ಯಾಡ್ರಿ. ಎಲ್ಲಿ ತಪ್ಪ್ಯಾತು ಹುಡುಕೋಣ ಬರ್ರಿ." ನಿಲ್ಲಿಸಿದಳು.

"ದಿನಾ ಕೇಳ್ತೀನಿ ತಮ್ಮಾ. ಎಲ್ಲಾರ್ಗೂ ನೋಡ್ರಿ ಅಂತಾಳ, ಬರ್ರಿ ಅಂತಾಳ. ಮಂದಿ ಮಗಳಿದ್ದಂಗ ಅದಾಳ ಇದರಾಗ. ನನ್ನ ಜೋಡಿ ಯಾವಾಗ ಹಂಗ ಮಾತಾಡ್ಯಾಳ? ನನಗ ಬೈತಿದ್ಲು." ಫೋನನ್ನು ಮತ್ತೆ ಮಡಿಲಿಗೆ ಹಾಕಿಕೊಂಡು ಕೇಳಿದಳು: "ಆ ಬೈಗಳ ಎಲ್ಲಿ ಹೋದ್ವು?"

ರಾಯಚೂರಿಗೆ ಬಂದು ತುಣುಕುಗಳ ಫೋಲ್ಡರ್ ತೆರೆದೆ. ಮುಳ್ಳುಗಳನ್ನು ಹುಡುಕಿದೆ. ಪ್ರತಿ ಮುಳ್ಳಿನ ಹಿಂದೆ ಅವಳಿದ್ದಳು. "ಯವ್ವಾ, ಬಾಗಲಾ ಹಾಕಬೇ." "ಎಷ್ಟ ಸಲ ಹೇಳಬೇಕ ನಿನಗ, ಇದು ನಡದಾಗ ಬರಬ್ಯಾಡಂತ?" "ಯಾರ ಜೋಡೀನೂ ಇಲ್ಲಬೇ, ಒಬ್ಬಾಕೀನ ಅದೀನಿ." "ಆಚಾರ್ರು ಉಳ್ಳಾಗಡ್ಡಿ ತಿನ್ನಂಗಿಲ್ಲ, ಹಾಕಬ್ಯಾಡ." ಎಂದೋ ಒಮ್ಮೆ, ಬೈಯದೆ, ಆಯಾಸದ ದನಿಯಲ್ಲಿ, "ನೀ ಉಂಡೇನಬೇ?"

ಬಸಲಿಂಗಮ್ಮನ ಮಾತು ಒಂದೂ ಇರಲಿಲ್ಲ. ಬಾಗಿಲ ಕೌದಿ ಅವನ್ನು ನುಂಗಿತ್ತು. ಅವಳು ಹೊರಗೆ ನಿಂತು ಏನೋ ಕೇಳಿದಷ್ಟು ಹೊತ್ತು ಸುಮ್ಮನೆ ಖಾಲಿ, ಆಮೇಲೆ ಮಗಳ ಉತ್ತರ. ಆ ಖಾಲಿಗಳನ್ನು ಕತ್ತರಿಸದೆ ಬಿಟ್ಟೆ. ಗಿರಣಿಯ ಗುಯಿಗುಡುವಿಕೆಯನ್ನು ಮೊದಲು ತೆಗೆದೆ. ತೆಗೆದರೆ ಆ ಮನೆಯೇ ಇಲ್ಲದಂತಾಯಿತು. ಮತ್ತೆ ಹಾಕಿದೆ. ದೇವದುರ್ಗದ ಬಸ್‌ಸ್ಟ್ಯಾಂಡಿನ ಆ ಒಂದು ಮಾತನ್ನು ಮಾತ್ರ ಸೇರಿಸಲಿಲ್ಲ.

ಮುಂದಿನ ಭಾನುವಾರ ಒಯ್ದು ಕೊಟ್ಟೆ. ಬಸಲಿಂಗಮ್ಮ ಕಟ್ಟೆಯ ಮೇಲೆ ಕೂತು ಹೆಬ್ಬೆರಳು ಒತ್ತಿದಳು. ಗಿರಣಿ ಗುಯಿಗುಟ್ಟಿತು.

"ಏನಬೇ?" ಎಂದಿತು ಫೋನು.

ಖಾಲಿ.

ಅವಳು ನನ್ನನ್ನು ನೋಡಿದಳು, ಫೋನು ನೋಡಿದಳು. "ಏನಿಲ್ಲವ್ವಾ. ಚಾ ತಂದೀನಿ," ಎಂದಳು.

"ಅಲ್ಲೇ ಇಡು, ಬರ್ತೀನಿ. ಬಾಗಲಾ ಹಾಕ್ಕೊಂಡ ಹೋಗು."

"ಆತವ್ವಾ, ಹಾಕ್ತೀನಿ."

ಹಾಗೆಯೇ ನಡೆಯಿತು. ಪ್ರತಿ ಖಾಲಿಯಲ್ಲೂ ಅವಳು ಮಾತಾಡಿದಳು. ಕೆಲವು ಸಲ ಅವಳ ಮಾತು ಉದ್ದವಾಗಿ, ಅದರ ಮೇಲೆಯೇ ಮಗಳ ಬೈಗುಳ ಬಿತ್ತು, ಮೊದಲೂ ಹಾಗೆಯೇ ಬೀಳುತ್ತಿದ್ದಿರಬೇಕು. "ನೀ ಉಂಡೇನಬೇ?" ಎಂದು ಬಂದಾಗ ಮಾತ್ರ ಉತ್ತರ ಕೊಡಲಿಲ್ಲ. ಸೆರಗು ಬಾಯಿಗೆ ಹಿಡಿದಳು.

ಒಳಗೆ ತನ್ನ ದನಿ ಕೇಳಿ ಶಿವಲೀಲಾ ಎದ್ದು ಬಂದಿದ್ದಳು. ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು, ಕತ್ತಿನ ಮೇಲೆ ತೆಳುವಾದ ಬಟ್ಟೆ. ನಾನು ಅವಳನ್ನು ನೋಡಿದೆ. ಅವಳು ಅವ್ವನ ಬೆನ್ನು ನೋಡುತ್ತಿದ್ದಳು.

ಚಪ್ಪಾಳೆಗಳನ್ನೆಲ್ಲ ತೆಗೆದಿದ್ದೆ ಎಂದುಕೊಂಡಿದ್ದೆ. ಕೊನೆಯ ತುಣುಕಿನಲ್ಲಿ ಒಂದು ಉಳಿದುಹೋಗಿತ್ತು. ಫೋನಿನಲ್ಲಿ ಅದು ಟಪ್ ಎಂದಿತು, ಆಮೇಲೆ ಏನೂ ಇಲ್ಲ.

ಬಸಲಿಂಗಮ್ಮ ಫೋನು ಕಟ್ಟೆಯ ಮೇಲಿಟ್ಟಳು. ಬಾಗಿಲ ಕಡೆ ತಿರುಗಿದಳು. ಶಿವಲೀಲಾಳ ಎರಡೂ ಕೈಗಳು ಇಳಿಬಿದ್ದಿದ್ದವು.

"ಬಂದೆನವ್ವಾ," ಎಂದು ಮೊಣಕಾಲಿಗೆ ಕೈ ಊರಿ ಎದ್ದಳು.